ಮಾವನ ಜನರೇಟರ್

ನನಗೆ ಇಷ್ಟವಾದ ರಾಕ್ ಬ್ಯಾಂಡನ್ನು ಕಣ್ಣೆದುರು ನೋಡಿದ್ದು ಜೀವನದಲ್ಲಿ ಒಂದೇ ಸಲ. ಅದೂ ಗುಂಡ್ಲುಪೇಟೆಯಲ್ಲಿ, ಒಂದು ಮದುವೆ ಛತ್ರದ ಮಹಡಿ ಮೇಲಿನ ಊಟದ ಹಾಲಿನಲ್ಲಿ. ಇಷ್ಟು ಹೇಳಿದರೆ ಸಾಕು, ಜನ ನಗುತ್ತಾರೆ. ನಗಲಿ ಬಿಡಿ. ಮಿಕ್ಕಿದ್ದನ್ನು ನಾನು ಯಾರಿಗೂ ಹೇಳಿಲ್ಲ, ಅದಕ್ಕೇ ಅವರಿಗೆ ನಗು ಬರುತ್ತದೆ.

ಆಗ ನಾನು ಚಾಮರಾಜನಗರದ ತಾಲ್ಲೂಕು ಕಚೇರಿಯಲ್ಲಿ ಪಹಣಿ ಪ್ರಿಂಟ್ ತೆಗೆದುಕೊಡುವ ಕೆಲಸದಲ್ಲಿದ್ದೆ. ಗುತ್ತಿಗೆ ಕೆಲಸ. ಕಿಟಕಿಯ ಆಚೆ ರೈತರ ಸಾಲು, ಈಚೆ ನಾನು, ಒಂದು ಕಂಪ್ಯೂಟರು, ಬೆಳಿಗ್ಗೆಯಿಂದ ಸಂಜೆಯ ತನಕ ಕರಕರ ಅಂತ ತಲೆ ತಿನ್ನುವ ಪ್ರಿಂಟರು. "ಸ್ವಾಮಿ, ನಮ್ಮಪ್ಪನ ಎಸ್ರು ತಪ್ಪಾಗ್ಬುಟ್ಟದೆ, ಒಸಿ ಸರಿ ಮಾಡ್ಕೊಡಿ" ಅಂತ ದಿನಕ್ಕೆ ಹತ್ತು ಜನ ಕೇಳೋರು. ನನ್ನ ಕೈಯಲ್ಲಿ ಇದ್ದದ್ದು ಪ್ರಿಂಟ್ ಕೊಡುವ ಗುಂಡಿ ಒಂದೇ, ತಿದ್ದುವ ಅಧಿಕಾರ ಸಾಹೇಬರದು. "ನನ್ ಕೈಲಿಲ್ಲ ಯಜಮಾನ್ರೇ" ಅಂತ ಹೇಳಿ ಹೇಳಿ ಆ ಮಾತು ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಸಾಲು ಕರಗಿ ಸ್ವಲ್ಪ ಪುರಸೊತ್ತಾದರೆ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಬ್ಯಾಂಡಿನ ಹಾಡು ಕೇಳುತ್ತಿದ್ದೆ.

ಮೈಸೂರಿನ ಐದು ಹುಡುಗರ ಬ್ಯಾಂಡು ಅದು. ಕನ್ನಡದಲ್ಲೇ ಹಾಡು ಕಟ್ಟಿ, ಗಿಟಾರು ಡ್ರಮ್ಸು ಬಾರಿಸಿ, ಒಂದೇ ಒಂದು ಸಿ.ಡಿ. ಮಾಡಿದ್ದರು. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಅವರೇ ಕಾಪಿ ಮಾಡಿ ಕೈಯಿಂದ ಕೈಗೆ ಹಂಚಿದ್ದು. ಕಂಪ್ಯೂಟರ್ ಕಲಿಯೋಕೆ ಮೈಸೂರಿನಲ್ಲಿದ್ದಾಗ ನನ್ನ ರೂಮಿನವನೊಬ್ಬ ಕೊಟ್ಟಿದ್ದ. ಒಟ್ಟು ಏಳು ಹಾಡು. ಅದರಲ್ಲಿ ಐದನೆಯದು ಊರಿಗೆ ಹೋಗುವ ಕೊನೇ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ನಿಂತವನ ಹಾಡು. ಕೊನೆಯಲ್ಲಿ ಎಲ್ಲ ವಾದ್ಯ ನಿಂತು ಡ್ರಮ್ಮು ಒಂದೇ ಉಳಿದು, ಹಾಡುವ ಹುಡುಗ ಒಂದು ಸಲ ಕೂಗುತ್ತಾನೆ. ಮಾತಿಲ್ಲ, ಬರೀ ಕೂಗು. ಪಹಣಿ ಸಾಲಿನ ಮುಂದೆ ಕೂತು ನನಗೂ ಹಾಗೆ ಕೂಗಬೇಕು ಅನ್ನಿಸುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ಕೂಗಿದರೆ ಮಾರನೇ ದಿನ ಗುತ್ತಿಗೆ ಮುಗೀತು ಅಂತಲೇ ಲೆಕ್ಕ.

ನಮ್ಮೂರು ಹರವೆ. ಆದರೆ ಐದನೇ ಕ್ಲಾಸಿನಿಂದ ಪಿಯುಸಿವರೆಗೆ ನಾನು ಬೆಳೆದದ್ದು ಗುಂಡ್ಲುಪೇಟೆಯಲ್ಲಿ, ಸೋದರತ್ತೆಯ ಮನೆಯಲ್ಲಿ. ಅಪ್ಪನ ಅಕ್ಕ ಅವಳು. ಅತ್ತೆ ಮಾವನಿಗೆ ಮಕ್ಕಳಿರಲಿಲ್ಲ, ನನ್ನನ್ನೇ ಮಗ ಅಂತ ಸಾಕಿದರು. ಕೆಲಸ ಸಿಕ್ಕ ಮೇಲೂ ಎರಡು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ, ಹೋದಾಗಲೆಲ್ಲ ಆ ಸಿ.ಡಿ. ಹಾಕುತ್ತಿದ್ದೆ. ಅತ್ತೆ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, "ಅಲ್ಲ ಕಣ್ಲಾ, ಈ ಹೈದ ಯಾಕಿಂಗೆ ಕಿರುಚ್ತಾನೆ? ಒಟ್ಟೆಗೇನಾರ ತಿಂದವ್ನಾ ಇಲ್ವಾ?" ಅನ್ನೋಳು. ನನಗೆ ರೇಗುತ್ತಿತ್ತು. "ಅದು ರಾಕ್ ಅತ್ತೆ, ನಿಂಗೊತ್ತಾಗಲ್ಲ" ಅಂದರೆ, "ಏನಾರ ಆಗ್ಲಿ ಬುಡು. ಸಿಕ್ರೆ ಮನೆಗೆ ಕರ್ಕಂಡ್ ಬಾ, ಒಂದೊತ್ತು ಊಟಕ್ಕಿಕ್ಕನ" ಅಂತ ಅಕ್ಕಿಯ ಕಡೆ ತಿರುಗೋಳು.

ಮಾವನದು ಶಾಮಿಯಾನದ ವ್ಯಾಪಾರ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಒಂದು ಜನರೇಟರು. ಮನೆ ಪಕ್ಕದ ಶೆಡ್ಡಿನಲ್ಲಿ ಎಲ್ಲ ತುಂಬಿಟ್ಟಿದ್ದರು. ಮನೆಯಿಂದ ಮೂವತ್ತು ಹೆಜ್ಜೆಗೆ ಆ ಮದುವೆ ಛತ್ರ. ಛತ್ರದವರಿಗೆ ಸ್ವಂತ ಜನರೇಟರ್ ಇರಲಿಲ್ಲ, ಮದುವೆ ನಡೆಯುವಾಗ ಕರೆಂಟ್ ಹೋದರೆ ಮಾವ ಯಾರೂ ಕರೆಯದೆ ಐದು ನಿಮಿಷದಲ್ಲಿ ಮೆಟ್ಟಿಲ ಹತ್ತಿರ ಬಂದು ನಿಲ್ಲೋರು. "ಏನ್ರಪ್ಪಾ, ಬೇಕಾ?" ಅಂತ ಒಂದೇ ಮಾತು.

ಮದುವೆಗೆ ಹೋದ ಹಾಗೇ ಮಾವನ ಶಾಮಿಯಾನ ಸಾವಿಗೂ ಹೋಗುತ್ತಿತ್ತು. ಸಾವಿನ ಮನೆಗೆ ಮೊದಲು ಬರೋದು ಅವರೇ. ಆದ್ದರಿಂದಲೋ ಏನೋ, ಒಂದು ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಬೀದಿಯಲ್ಲಿ ಹೆಣ ಇದ್ದರೆ ಅದನ್ನು ಎತ್ತುವ ತನಕ ಆ ಬೀದಿಯಲ್ಲಿ ವಾದ್ಯದ ಸದ್ದು ಏಳಬಾರದು. ಇದು ಎಲ್ಲ ಕಡೆ ಇರುವ ಪದ್ಧತಿಯೇ, ಆದರೆ ಬೇರೆಯವರು ಸಂದರ್ಭ ನೋಡಿ ಸ್ವಲ್ಪ ಬಿಟ್ಟುಕೊಡುತ್ತಾರೆ. ಮಾವ ಬಿಟ್ಟವರಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಬೀದಿಯ ಕೊನೆಯಲ್ಲಿ ದಿಕ್ಕಿಲ್ಲದ ಮುದುಕನೊಬ್ಬ ಬೆಳಗಿನ ಜಾವ ತೀರಿಕೊಂಡ. ಅವತ್ತು ಅದೇ ಛತ್ರದಲ್ಲಿ ಮದುವೆ. ಹೆಣ್ಣಿನವರು ಕೈ ಮುಗಿದರು, ಗಂಡಿನವರು ಜಗಳಕ್ಕೆ ಬಂದರು. ಮಾವ ಓಲಗದವರ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಗಟ್ಟಿಮೇಳ ಇಲ್ಲದೆಯೇ ತಾಳಿ ಕಟ್ಟಿಸಿದರು. "ದಿಕ್ಕಿಲ್ದೋನಿಗೆ ಅಳೋರೇ ಇಲ್ಲ, ಒಸಿ ಸುಮ್ನಿರೋಕೂ ಆಗಕಿಲ್ವಾ ನಿಮ್ಗೆ?" ಅಂದರು. ಆ ಮದುವೆಯವರು ಇವತ್ತಿಗೂ ಮಾವನ ಮುಖ ಕಂಡರೆ ಆ ಕಡೆ ತಿರುಗುತ್ತಾರೆ.

ಬ್ಯಾಂಡು ಗುಂಡ್ಲುಪೇಟೆಗೆ ಬರುತ್ತದೆ ಅಂತ ಗೊತ್ತಾದದ್ದು ಅತ್ತೆ ಹಾಸಿಗೆ ಹಿಡಿದು ಎರಡು ತಿಂಗಳಾದ ಮೇಲೆ. ಮೈಸೂರಿನ ಆಸ್ಪತ್ರೆಯಲ್ಲಿ "ಇನ್ನು ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ" ಅಂದಿದ್ದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು, ಅತ್ತೆಗೂ ಗೊತ್ತಾಗಿತ್ತು. ಒಂದು ಭಾನುವಾರ ನನ್ನ ಕೈ ಹಿಡಿದು, "ಮಗ, ಕೊನೇಲಿ ನನ್ ಬಾಯ್ಗೆ ನೀರು ನೀನೇ ಬುಡ್ಬೇಕು ಕಣ. ನಿಮ್ಮಾವನ ಕೈ ನಡುಗ್ತದೆ, ಎಲ್ಲಾನೂ ಸೀರೆ ಮೇಲೆ ಚೆಲ್ತಾರೆ" ಅಂದಳು. ಅವಳು ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ, ನನಗೆ ಅಳು ಬಂದು ಅದನ್ನು ಮುಚ್ಚಿಕೊಳ್ಳೋಕೆ ಸಿಡುಕಿದೆ. "ಆಯ್ತು ಆಯ್ತು, ನಾನೇ ಬುಡ್ತೀನಿ, ಸುಮ್ನೆ ಮಲಗು" ಅಂದೆ. ಹಾಗೆ ಮಾತು ಕೊಟ್ಟದ್ದು.

ಬ್ಯಾಂಡಿನ ಡ್ರಮ್ಸ್ ಹುಡುಗನ ಅಜ್ಜಿ ಊರು ಭೀಮನಬೀಡು. ಭಾನುವಾರ ಅವರಿಗೆ ಕೇರಳದ ಕಡೆ ಒಂದು ಕಾಲೇಜಿನಲ್ಲಿ ಕಾರ್ಯಕ್ರಮ ಇತ್ತು. ಶನಿವಾರ ಸಂಜೆ ದಾರಿಯಲ್ಲಿ ಗುಂಡ್ಲುಪೇಟೆಯಲ್ಲಿ ನಿಂತು ನೆಂಟರಿಷ್ಟರಿಗೆ, ಪರಿಚಯದವರಿಗೆ ಎರಡು ಎರಡೂವರೆ ಗಂಟೆ ನುಡಿಸಿ ಮುಂದೆ ಹೋಗುವುದು ಅಂತ ಮಾತಾಗಿತ್ತು. ರಾತ್ರಿ ಒಂಬತ್ತಕ್ಕೆ ಕೇರಳದ ದಾರಿಯ ಕಾಡಿನ ಗೇಟ್ ಹಾಕಿ ವಾಹನ ನಿಲ್ಲಿಸುವುದು ಆಗ ಹೊಸದಾಗಿ ಶುರುವಾಗಿತ್ತು, ಹಾಗಾಗಿ ಅವರು ಏಳೂವರೆಗೆಲ್ಲ ಹೊರಡಲೇಬೇಕು. ನಾಲ್ಕೂವರೆಯಿಂದ ಏಳು. ಜಾಗ, ನಮ್ಮ ಬೀದಿಯ ಛತ್ರ. ಅತ್ತೆಗೆ ಹೇಳಿದರೆ ಏನನ್ನುತ್ತಾಳೋ ಕೇಳೋಣ ಅಂತ ಬುಧವಾರ ಫೋನ್ ಮಾಡಿದೆ. ಮಾವ ತೆಗೆದುಕೊಂಡು, "ಬೆಳಿಗ್ಗೆಯಿಂದ ಮಾತು ನಿಂತೋಗ್ಬುಟ್ಟದೆ ಕಣ. ಕಣ್ಣಲ್ಲೇ ನೋಡ್ತಾವ್ಳೆ" ಅಂದರು.

ಅವತ್ತು ಎರಡನೇ ಶನಿವಾರ, ರಜೆ. ಬೆಳಗಿನ ಮೊದಲ ಬಸ್ಸಿಗೇ ಹೋದೆ. ಅತ್ತೆಯ ಉಸಿರು ಬಾಯಲ್ಲಿ ಬರುತ್ತಿತ್ತು. ನನ್ನನ್ನು ಗುರುತು ಹಿಡಿದಳೋ ಇಲ್ಲವೋ, ಕಣ್ಣು ನನ್ನ ಕಡೆ ಬಂದು ನಿಂತು ಮತ್ತೆ ಮುಚ್ಚಿತು. ಬಂದು ಹೋಗುವ ಹೆಂಗಸರು ನಡುಮನೆಯಲ್ಲಿ ನಿಂತು "ಇವತ್ತೋ ನಾಳೆಯೋ" ಅಂತ ಪಿಸುಗುಟ್ಟುತ್ತಿದ್ದರು. ನಾನು ಅವಳ ಪಕ್ಕ ಕೂತು, ನಾಚಿಕೆ ಬಿಟ್ಟು ಹೇಳುತ್ತೇನೆ, ಗಡಿಯಾರ ನೋಡುತ್ತಿದ್ದೆ. ಏಳು ಗಂಟೆ ತನಕ ತಡಿ ಅತ್ತೆ, ಏಳು ಗಂಟೆ ತನಕ ಮಾತ್ರ, ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ನಾಲ್ಕೂವರೆಗೆ ಮೊದಲೇ ಏನಾದರೂ ಆದರೆ ನಾನು ನೋಡೋದು ಹಾಗಿರಲಿ, ಬ್ಯಾಂಡೇ ಇರುವುದಿಲ್ಲ. ಮಾವ ಹೋಗಿ ಡ್ರಮ್ಸಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವಳ ಉಸಿರು ಎಣಿಸುತ್ತಾ ಇಂಥದ್ದನ್ನೆಲ್ಲ ಯೋಚಿಸಿದವನು ನಾನು. ಆ ಯೋಚನೆಯನ್ನು ಓಡಿಸೋಕೂ ನನ್ನಿಂದ ಆಗಲಿಲ್ಲ.

ನಾಲ್ಕು ಗಂಟೆಗೆ, ಹೆಂಗಸರೆಲ್ಲ ಅವರವರ ಮನೆಗೆ ಹೋದ ಮೇಲೆ, ಡ್ರಮ್ಸ್ ಜೋಡಿಸುವ ಸದ್ದು ಮನೆಯೊಳಗೆ ಕೇಳಿಸಿತು. ನಾನು ಎದ್ದು ಕೂತು, ಕೂತು ಎದ್ದು ಮಾಡುತ್ತಿದ್ದೆ. ಮಾವ ನೋಡೀ ನೋಡೀ ಸಾಕಾಗಿ, "ಓಗ್ಲಾ, ನೋಡ್ಕಂಡ್ ಬಾ. ಇಲ್ಲೇ ಮೂವತ್ ಎಜ್ಜೆ ಅಲ್ವಾ? ಏನಾರ ಆದ್ರೆ ನಾನೇ ಬಂದು ಕರೀತೀನಿ" ಅಂದರು. "ಫೋನ್ ಮಾಡಿ ಮಾವ, ಕೈಯಲ್ಲೇ ಇಟ್ಕೊಂಡಿರ್ತೀನಿ" ಅಂದೆ. ಮೊಬೈಲಿಗೆ ಫೋನ್ ಮಾಡೋದು ಅವರಿಗೆ ಒಗ್ಗಿರಲಿಲ್ಲ.

ಊಟದ ಹಾಲಿನಲ್ಲಿ ಟೇಬಲ್ಲುಗಳನ್ನೆಲ್ಲ ಗೋಡೆಗೆ ಒತ್ತರಿಸಿಟ್ಟಿದ್ದರು. ಕೈ ತೊಳೆಯುವ ನಲ್ಲಿಗಳ ಸಾಲಿನ ಮುಂದೆ ಡ್ರಮ್ಸು. ಹಿಂದಿನ ದಿನದ ಸಾಂಬಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಅರವತ್ತೋ ಎಪ್ಪತ್ತೋ ಜನ, ಅರ್ಧ ಜನ ಭೀಮನಬೀಡಿನ ನೆಂಟರು, ಅಜ್ಜಿ ಮುಂದಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿತ್ತು. ಹಾಡುವ ಹುಡುಗ ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದ, ಅತ್ತೆ ಹೇಳಿದ ಹಾಗೆ ಊಟ ಕಾಣದವನಂತೆ ಸಣಕಲಾಗಿದ್ದ. ಮೊದಲ ಹಾಡು ಮುಗಿಯುತ್ತಲೇ ಜನ ಚೀಟಿ ಕಳಿಸೋಕೆ ಶುರು ಮಾಡಿದರು. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಹಾಗೇ, ಬೇಕಾದ ಸಿನಿಮಾ ಹಾಡು ಬರೆದು ಸ್ಟೇಜಿಗೆ ಕೊಡಬೇಕು. ಪಾಪ, ಆ ಹುಡುಗ ಒಂದೊಂದೇ ಚೀಟಿ ಓದಿ, ನಗುತ್ತಾ ಜೇಬಿಗೆ ಹಾಕಿಕೊಂಡು ತನ್ನ ಹಾಡು ಶುರು ಮಾಡುತ್ತಿದ್ದ. ನನಗೆ ಜನರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಮುಂದೆ ಹೋಗಿ ಆ ಚೀಟಿಗಳನ್ನೆಲ್ಲ ಕಿತ್ತುಕೊಳ್ಳಬೇಕು ಅನ್ನಿಸಿತು.

ಆದರೆ ನಾನೇನು ಮಹಾ ಕೇಳುತ್ತಿದ್ದೆ? ಕೈಯಲ್ಲಿ ಫೋನು, ಕಣ್ಣು ಫೋನಿನ ಮೇಲೆ. ಸ್ಪೀಕರ್ ಅದುರಿದ್ದಕ್ಕೆ ಫೋನ್ ಅದುರಿದಂತಾಗಿ ಹತ್ತು ಸಲ ನೋಡಿದೆ. ಇಷ್ಟು ವರ್ಷ ಒಂದು ಕಿವಿಯಲ್ಲಿ ಕೇಳಿದವರು ಹತ್ತಡಿ ದೂರದಲ್ಲಿ ನುಡಿಸುತ್ತಿದ್ದಾರೆ, ನನ್ನ ಎರಡೂ ಕಿವಿ ಮನೆಯ ಕಡೆ. ಇಲ್ಲೂ ಇರಲಾರೆ, ಅಲ್ಲೂ ಇರಲಾರೆ. ಎದ್ದು ಹೋಗಿಬಿಡೋಣ ಅಂದುಕೊಂಡಾಗಲೆಲ್ಲ ಇದೊಂದು ಹಾಡು, ಇದೊಂದು ಹಾಡು ಅಂತ ಕೂತೆ.

ಆರು ಗಂಟೆ ಆಗಿತ್ತು. ಹಾಡುವ ಹುಡುಗ ನೀರು ಕುಡಿದು, "ಇದು ಕೊನೇ ಬಸ್ಸಿನ ಹಾಡು" ಅಂದ. ಗಿಟಾರು ನಾಲ್ಕು ಸಲ ಮಿಡಿಯಿತು, ಕರೆಂಟ್ ಹೋಯಿತು.

ಹಾಲಿನಲ್ಲಿ ಮಬ್ಬುಗತ್ತಲೆ. ಜನ ಶಿಳ್ಳೆ ಹೊಡೆದರು. ಐದು ನಿಮಿಷ ಕಾದರು. ಕರೆಂಟ್ ಆಫೀಸಿಗೆ ಯಾರೋ ಫೋನ್ ಮಾಡಿದರು, ಒಂದು ಗಂಟೆ ಆಗುತ್ತೆ ಅಂದರಂತೆ. ಗಿಟಾರಿನವನು ವೈರು ಸುತ್ತೋಕೆ ಶುರು ಮಾಡಿದ. "ಗೇಟ್ ಹಾಕ್ಬಿಡ್ತಾರೆ, ಹೊರಟುಬಿಡೋಣ" ಅಂತ ಅವರವರಲ್ಲೇ ಮಾತು. ನಮ್ಮ ಮನೆಯಲ್ಲೇ ಜನರೇಟರ್ ಇದೆಯಲ್ಲ! "ಒಂದೈದು ನಿಮಿಷ ತಡೀರಿ" ಅಂತ ಕೂಗಿ ಮೆಟ್ಟಿಲು ಇಳಿದು ಓಡಿದೆ.

ಕೆಳಗಿನ ಮೆಟ್ಟಿಲ ಹತ್ತಿರ ಮಾವ ನಿಂತಿದ್ದರು. ಕರೆಂಟ್ ಹೋದಾಗಲೆಲ್ಲ ನಿಲ್ಲುತ್ತಿದ್ದ ಜಾಗ ಅದೇ. ಅಭ್ಯಾಸದಂತೆ ಬಂದಿದ್ದಾರೆ ಅಂದುಕೊಂಡೆ.

"ಲೇ ಮಗ..." ಅಂದರು.

"ಮಾವ, ಸರಿಯಾದ ಟೈಮಿಗೆ ಬಂದ್ರಿ. ಜನರೇಟರ್ ಹಾಕ್ಕೊಡಿ ಮಾವ, ಒಂದೇ ಗಂಟೆ. ನನ್ ಹಾಡು ಈಗ್ಲೇ ಶುರುವಾಗಿತ್ತು, ಇಲ್ದಿದ್ರೆ ಹೊರಟೋಗ್ತಾರೆ" ಅಂದೆ. ಅಷ್ಟು ಹೇಳಿ, ಉಸಿರು ತೆಗೆದುಕೊಂಡು, ಆಮೇಲೆ ಕೇಳಿದೆ. "ಅತ್ತೆ ಹೆಂಗವ್ಳೆ?"

ಮೊದಲು ಜನರೇಟರ್ ಕೇಳಿದೆ, ಆಮೇಲೆ ಅತ್ತೆಯನ್ನು ಕೇಳಿದೆ. ಇದನ್ನು ಹಿಂದೆಮುಂದೆ ಮಾಡಿ ನೆನಪಿಸಿಕೊಳ್ಳೋಕೆ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಆಗುವುದಿಲ್ಲ.

ಮಾವ ನನ್ನ ಮುಖ ನೋಡಿದರು. "ಮಲಗವ್ಳೆ" ಅಂದರು. "ಬಾ, ಕೇಬಲ್ ಎಳ್ಕ."

ಶೆಡ್ಡಿನಿಂದ ಜನರೇಟರನ್ನು ಇಬ್ಬರೂ ಹೊರಗೆ ತಳ್ಳಿದೆವು. ಮಾವ ಹಗ್ಗ ಎಳೆದರು, ಹತ್ತಲಿಲ್ಲ. ಮತ್ತೆ ಎಳೆದರು. ಅವರ ಕೈ ಯಾವತ್ತಿಗಿಂತ ಹೆಚ್ಚು ನಡುಗುತ್ತಿತ್ತು. "ಬುಡಿ ಮಾವ" ಅಂತ ನಾನೇ ಎಳೆದೆ, ಒಂದೇ ಏಟಿಗೆ ಹತ್ತಿಕೊಂಡಿತು. ಮನೆ ಬಾಗಿಲು ಮುಂದಕ್ಕೆ ಮಾಡಿತ್ತು, ಸಂದಿಯಲ್ಲಿ ದೀಪದ ಬೆಳಕು ಕಾಣುತ್ತಿತ್ತು. ಒಂದು ಸಲ ನೋಡಿ ಬರುತ್ತೇನೆ ಅಂತ ಆ ಕಡೆ ಹೆಜ್ಜೆ ಇಟ್ಟೆ. ಮಾವ ತೋಳು ಹಿಡಿದುಕೊಂಡರು. "ಈಗ ನಿದ್ದೆ ಬಂದದೆ, ಎಬ್ಬಿಸ್ಬೇಡ. ನೀ ಓಗು, ಆ ಹುಡುಗ್ರಿಗೆ ಒತ್ತಾಯ್ತದೆ" ಅಂದರು. ನನಗೆ ಅಷ್ಟೇ ಸಾಕಾಗಿತ್ತು. ಕೇಬಲ್ ಎಳೆದುಕೊಂಡು ಓಡಿದೆ.

ಆಮೇಲಿನದು ಏನು ಹೇಳಲಿ. ಬಲ್ಬು ಹತ್ತಿದ ತಕ್ಷಣ ಹಾಲೆಲ್ಲ ಚಪ್ಪಾಳೆ. ಹಾಡನ್ನು ಮೊದಲಿನಿಂದ ಶುರು ಮಾಡಿದರು. ಅತ್ತೆ ನಿದ್ದೆ ಮಾಡುತ್ತಿದ್ದಾಳೆ ಅಂತ ಮಾವನೇ ಹೇಳಿದ ಮೇಲೆ ನನಗೆ ತಲೆ ಮೇಲಿನ ಮೂಟೆ ಇಳಿಸಿದ ಹಾಗಾಗಿತ್ತು. ಫೋನನ್ನು ಜೇಬಿಗೆ ಹಾಕಿದವನು ಮತ್ತೆ ತೆಗೆಯಲಿಲ್ಲ. ಡ್ರಮ್ಮು ಒಂದೇ ಉಳಿದಾಗ ಅದರ ಪೆಟ್ಟು ನೆಲದಿಂದ ಕಾಲಿಗೆ ಹತ್ತುತ್ತಿತ್ತು. ಕೊನೆಗೆ ಆ ಹುಡುಗ ಕೂಗಿದ. ನಾನೂ ಕೂಗಿದೆ. ಪಹಣಿ ಕಿಟಕಿಯ ಹಿಂದೆ ವರ್ಷಗಟ್ಟಲೆ ನುಂಗಿಕೊಂಡದ್ದನ್ನೆಲ್ಲ ಸೇರಿಸಿ ಕೂಗಿದೆ. ಭೀಮನಬೀಡಿನ ಅಜ್ಜಿ ತಿರುಗಿ ನೋಡಿ ನಕ್ಕಿತು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಗಂಟೆ ಇನ್ನೊಂದಿಲ್ಲ, ಈಗಲೂ ಇಲ್ಲ. ಅದೇ ನನ್ನ ಕಷ್ಟ.

ಏಳೂಕಾಲಿಗೆ ಮುಗಿಸಿ ಸಾಮಾನನ್ನೆಲ್ಲ ವ್ಯಾನಿಗೆ ತುಂಬಿದರು. ಹಾಡುವ ಹುಡುಗ ನನ್ನ ಹತ್ತಿರ ಬಂದು, "ಜನರೇಟರ್ ಯಾರ್ದು ಸಾರ್?" ಅಂದ. "ನಮ್ಮ ಮಾವಂದು." "ತುಂಬ ಥ್ಯಾಂಕ್ಸ್ ಅಂತ ಹೇಳಿ. ಈಗ ನಿಲ್ಲೋಕೆ ಟೈಮಿಲ್ಲ, ಇಲ್ಲದಿದ್ರೆ ಮನೆಗೇ ಬರ್ತಿದ್ವಿ" ಅಂದ. ನನ್ನ ಅತ್ತೆ ನಿಮ್ಮನ್ನು ಊಟಕ್ಕೆ ಕರೆದಿದ್ದಳು ಅಂತ ಹೇಳಬೇಕು ಅನ್ನಿಸಿತು, ಅಷ್ಟರಲ್ಲಿ ವ್ಯಾನು ಹಾರನ್ ಹೊಡೆಯಿತು.

ಕೇಬಲನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ, ಆ ಹಾಡನ್ನೇ ಗುನುಗುತ್ತಾ ಬೀದಿಗೆ ಬಂದೆ. ಜನರೇಟರು ನಿಂತಿತ್ತು. ಕರೆಂಟ್ ಬಂದಿತ್ತು. ನಮ್ಮ ಮನೆ ಮುಂದೆ ಮಾವ ಒಬ್ಬರೇ ಗಳು ನಿಲ್ಲಿಸಿ ಹಗ್ಗ ಬಿಗಿಯುತ್ತಿದ್ದರು. ಒಂದು ಮೂಲೆ ಎತ್ತಿ ಕಟ್ಟಿದ್ದರು, ಇನ್ನೊಂದು ಮೂಲೆ ನೆಲದಲ್ಲಿತ್ತು. ಸಾವಿನ ಮನೆಗೆ ಅಂತ ಬೇರೆ ಇಟ್ಟಿದ್ದ ಹಳೇ ಬಿಳಿ ಶಾಮಿಯಾನ ಅದು.

ನನ್ನ ಕೈಯಿಂದ ಕೇಬಲ್ ಬಿತ್ತು. ಮಾವ ನನ್ನ ಕಡೆ ನೋಡದೆ, "ಆ ಗಳು ಒಸಿ ಇಡ್ಕ" ಅಂದರು.

ಅಕ್ಕಪಕ್ಕದವರು ಓಡಿ ಬಂದರು. "ಯಾವಾಗ ಓಯ್ತು ಜೀವ?" ಅಂತ ಎಲ್ಲರದೂ ಒಂದೇ ಪ್ರಶ್ನೆ. "ಈಗ. ಐದು ನಿಮಿಷ ಆಯ್ತು" ಅಂದರು ಮಾವ, ಎಲ್ಲರಿಗೂ ಒಂದೇ ಉತ್ತರ. ಒಳಗೆ ಹೋದೆ. ಗದ್ದಕ್ಕೆ ಬಟ್ಟೆ ಕಟ್ಟಿತ್ತು, ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟಿತ್ತು. ತಲೆಯ ಹತ್ತಿರದ ದೀಪದಲ್ಲಿ ಎಣ್ಣೆ ಅರ್ಧಕ್ಕೆ ಇಳಿದಿತ್ತು. ಎದುರುಮನೆಯ ಹೆಂಗಸು ಅತ್ತೆಯ ಕೈ ಮುಟ್ಟಿ ನೋಡಿ, ದೀಪ ನೋಡಿ, ಬಾಗಿಲ ಹತ್ತಿರ ನಿಂತಿದ್ದ ಮಾವನನ್ನು ನೋಡಿದಳು. ಗಟ್ಟಿಮೇಳ ಇಲ್ಲದೆ ತಾಳಿ ಕಟ್ಟಿಸಿದ ಮನುಷ್ಯ ಸ್ವಂತ ಹೆಂಡತಿಯ ಹೆಣ ಮನೆಯಲ್ಲಿಟ್ಟುಕೊಂಡು ಡ್ರಮ್ಮಿಗೆ ಕರೆಂಟ್ ಕೊಟ್ಟಿದ್ದ ಅಂತ ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಅನ್ನಲಿಲ್ಲ.

ಬಟ್ಟೆ ಸಡಿಲಿಸಿ ಅತ್ತೆಯ ಬಾಯಿಗೆ ನೀರು ಬಿಟ್ಟೆ. ಒಳಗೆ ಇಳಿಯಲಿಲ್ಲ. ಕೆನ್ನೆಯ ಮೇಲಿಂದ ಹರಿದು ಸೀರೆಗೇ ಬಿತ್ತು.

ಅವತ್ತಿನಿಂದ ನನ್ನನ್ನು ತಿಂದದ್ದು ಒಂದೇ ಪ್ರಶ್ನೆ. ಮಾವ ಮೆಟ್ಟಿಲ ಹತ್ತಿರ ಬಂದಾಗ ಅತ್ತೆ ಹೋಗಿದ್ದಳಾ, ಇಲ್ಲಾ ಇನ್ನೂ ಜೀವ ಇತ್ತಾ? ಹೋಗಿದ್ದರೆ ಒಂದು ಥರ. ಇದ್ದಿದ್ದರೆ, ನಾನು ಓಡಿ ಬಂದಿದ್ದರೆ, ಒಂದು ಗುಟುಕು ಇಳಿಯುತ್ತಿತ್ತು. ಹನ್ನೊಂದನೇ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ, ಮಾವ ಶಾಮಿಯಾನ ಬಿಚ್ಚಿ ಮಡಿಸುತ್ತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

"ಮಾವ, ಅವತ್ತು ನೀವು ಛತ್ರಕ್ಕೆ ಬಂದಾಗ ಅತ್ತೆ ಇದ್ಲಾ?"

ಮಾವ ಬಟ್ಟೆ ಕೊಡವಿದರು. ಎರಡು ಮಡಿಕೆ ಹಾಕಿದರು.

"ಇದ್ಲು" ಅಂದರು. "ಅವ್ಳೇ ನನ್ನ ಕಳ್ಸಿದ್ದು. ಹುಡುಗ್ರ ಹಾಡು ನಿಂತೋಯ್ತು ಕಣ್ರೀ, ಕರೆಂಟ್ ಓಗಿರ್ಬೇಕು, ಓಗಿ ನಮ್ ಜನರೇಟ್ರು ಆಕ್ಕೊಟ್ ಬನ್ನಿ ಅಂದ್ಲು. ನಾ ಬರೋಗಂಟ ಇದ್ದು, ಆಮೇಲೆ ನನ್ ಕೈಲೇ ನೀರು ಕುಡುದ್ಲು. ಒಂದ್ ತೊಟ್ಟೂ ಚೆಲ್ಲಿಲ್ಲ. ಬುಡು, ಅದ್ನೆಲ್ಲ ತಲೆಗಾಕೋಬೇಡ."

ಅತ್ತೆಗೆ ಮಾತು ನಿಂತದ್ದು ಬುಧವಾರ. ಬ್ಯಾಂಡು ಬಂದದ್ದು ಶನಿವಾರ.

ಮಾವನ ಕೈ ನಡುಗುತ್ತಿತ್ತು. ನಾನು "ಹೂಂ ಮಾವ" ಅಂದೆ. ಶಾಮಿಯಾನದ ಇನ್ನೊಂದು ಅಂಚು ಹಿಡಿದುಕೊಂಡು ಮಡಿಸಿದೆ.